ಕಿವಿಯನ್ನು ಕಾವಲಿನಿಂದ ಬಿಡಿಸುವುದು ಹೇಗೆ? ಚಿಂತೆಗೂ ಸದ್ದಿಗೂ ನಿದ್ದೆ ಕೆಟ್ಟವರಿಗೆ

ನನ್ನ ತವರು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಒಳಗೆ, ಅಡಿಕೆ ತೋಟದ ನಡುವೆ. ಅಲ್ಲಿ ರಾತ್ರಿ ಸದ್ದಿಗೆ ಕೊರತೆಯೇ ಇಲ್ಲ. ಒಣಗಿದ ಹಾಳೆ ಸೋಗೆಯ ಸಮೇತ ದೊಪ್ಪೆಂದು ಬೀಳುತ್ತದೆ. ಮಳೆಗಾಲದಲ್ಲಿ ಕೆರೆಯ ಕಪ್ಪೆಗಳು ಬೆಳಗಿನ ತನಕ ವಟಗುಟ್ಟುತ್ತವೆ. ಮಾಡಿನ ಹಂಚಿನ ಮೇಲೆ ಮರಬೆಕ್ಕು ಓಡುತ್ತದೆ. ಅಮ್ಮ ಇದ್ಯಾವುದಕ್ಕೂ ಏಳುತ್ತಿರಲಿಲ್ಲ. ಆದರೆ ಹಟ್ಟಿಯಲ್ಲಿ ಗಬ್ಬದ ದನ ಒಮ್ಮೆ ಕಾಲು ಬದಲಿಸಿದರೆ ಸಾಕು, ಎದ್ದು ಲಾಟೀನು ಹಿಡಿದು ಹೊರಟಾಗಿರುತ್ತಿತ್ತು.

ಅದರ ಅರ್ಥ ನನಗೆ ಹೊಳೆದದ್ದು ನನ್ನದೇ ನಿದ್ದೆ ಕೆಟ್ಟ ಮೇಲೆ. ಮದುವೆಯಾಗಿ ಬಂದದ್ದು ಕುಂಬಳೆಯ ಹತ್ತಿರ. ಮನೆಯ ಒಂದು ಬದಿಗೆ ರೈಲು ಹಳಿ, ಇನ್ನೊಂದು ಬದಿಗೆ ರಾಷ್ಟ್ರೀಯ ಹೆದ್ದಾರಿ 66. ಎಷ್ಟೋ ವರ್ಷ ಆ ಗಾಡಿಗಳ ನಡುವೆಯೇ ಚೆನ್ನಾಗಿ ಮಲಗಿದ್ದೆ. ಆಮೇಲೊಂದು ವರ್ಷ ತೋಟಕ್ಕೆ ಎಲೆಚುಕ್ಕಿ ರೋಗ ಬಂತು. ನಮ್ಮವರಿಗೆ ಹೃದಯದ ತೊಂದರೆ ಕಾಣಿಸಿತು. ಗಲ್ಫಿನಲ್ಲಿ ಮಗನ ಕೆಲಸ ಅರ್ಧದಲ್ಲಿ ನಿಂತಿತು. ಅದೇ ಹಳೆಯ ಗೂಡ್ಸ್ ಗಾಡಿ ಅಲ್ಲಿಂದ ಮುಂದೆ ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸತೊಡಗಿತು. ಗಾಡಿ ಒಂದು ನಿಮಿಷದಲ್ಲಿ ದಾಟಿ ಹೋಗುತ್ತಿತ್ತು. ನಾನು ಐದು ಗಂಟೆಯ ತನಕ ಮಾಡು ನೋಡುತ್ತಾ ಮಲಗಿರುತ್ತಿದ್ದೆ.

ನಿದ್ದೆಯಲ್ಲೂ ಮಿದುಳು ಕೇಳುವುದನ್ನು ನಿಲ್ಲಿಸುವುದಿಲ್ಲ. ಯಾವ ಸದ್ದು ಮುಖ್ಯ, ಯಾವುದು ಬೇಡ ಎಂದು ಆರಿಸುತ್ತಾ ಇರುತ್ತದೆ. ನಿದ್ದೆಯಲ್ಲಿದ್ದವರ ಹೆಸರು ಮೆಲ್ಲಗೆ ಕರೆದರೆ ಎಚ್ಚರವಾಗುತ್ತದೆ, ಅದಕ್ಕಿಂತ ಜೋರಿನ ಬೇರೆ ಸದ್ದಿಗೆ ಆಗುವುದಿಲ್ಲ, ಅಲ್ವಾ? ಮನಸ್ಸಿಗೆ ಹೆದರಿಕೆ ಹೊಕ್ಕಿದ್ದರೆ ಆ ಆರಿಸುವ ಕೆಲಸ ಕೆಡುತ್ತದೆ. ಎಲ್ಲ ಸದ್ದೂ ಮುಖ್ಯವಾಗುತ್ತದೆ. ಕಿವಿ ಕಾವಲುಗಾರನ ಕೆಲಸ ಹಿಡಿಯುತ್ತದೆ. ಕೊನೆಗೆ ಸದ್ದು ಇಲ್ಲದ ರಾತ್ರಿಯಲ್ಲೂ ಸದ್ದಿಗಾಗಿ ಕಾಯುತ್ತಾ ಮಲಗುತ್ತೇವೆ. ಹಾಗಾಗಿ ಕೋಣೆಗೆ ಬರುವ ಸದ್ದನ್ನೂ ಕಡಿಮೆ ಮಾಡಬೇಕು, ಕಿವಿಯನ್ನು ಆ ಕಾವಲಿನಿಂದಲೂ ಬಿಡಿಸಬೇಕು. ನಾನು ಮೊದಲು ಸದ್ದಿನ ಹಿಂದೆ ಮಾತ್ರ ಹೋದೆ, ಅರ್ಧ ವರ್ಷ ಹಾಗೇ ಕಳೆಯಿತು. ನೀವು ಎರಡನ್ನೂ ಒಟ್ಟಿಗೆ ಶುರು ಮಾಡಿ.

ಮೊದಲ ವಾರ: ಸುಮ್ನೆ ಬರೆಯುವುದು

ಒಂದು ಹಳೆಯ ನೋಟು ಪುಸ್ತಕ ಸಾಕು. ಬೆಳಿಗ್ಗೆ ಎದ್ದ ಮೇಲೆ ಬರೆಯಿರಿ, ರಾತ್ರಿ ಬೇಡ. ಎಷ್ಟು ಗಂಟೆಗೆ ಹಾಸಿಗೆಗೆ ಹೋದಿರಿ, ಅಂದಾಜು ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರ, ಎಷ್ಟು ಗಂಟೆಗೆ ಎದ್ದಿರಿ. ಜೊತೆಗೆ ಇನ್ನೊಂದು ಸಾಲು: ಎಚ್ಚರವಾದಾಗ ಯಾವ ಸದ್ದು ಇತ್ತು, ಮೊದಲು ಬಂದದ್ದು ಎಚ್ಚರವೋ ಸದ್ದೋ.

ಈ ಕೊನೆಯ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ. ನನ್ನ ಪುಸ್ತಕದಲ್ಲಿ ಏಳು ರಾತ್ರಿಗಳಲ್ಲಿ ನಾಲ್ಕು ರಾತ್ರಿ ಗಾಡಿ ಬರುವ ಮೊದಲೇ ನಾನು ಎದ್ದಿದ್ದೆ. ನಮ್ಮ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಒಂದು ಸುತ್ತು ಮುಗಿಯುವಾಗ ಅರೆ ಎಚ್ಚರವಾಗುವುದು ಎಲ್ಲರಿಗೂ ಇದೆ. ಬೆಳಗಿನ ಜಾವದ ಕಡೆಗೆ ನಿದ್ದೆ ಇನ್ನೂ ತೆಳ್ಳಗಾಗುತ್ತದೆ. ಚಿಂತೆ ಇಲ್ಲದವರು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ, ಬೆಳಿಗ್ಗೆ ಅದರ ನೆನಪೂ ಇರುವುದಿಲ್ಲ. ನಾನು ಆ ಹೊತ್ತಿಗೆ ಕಣ್ಣು ಬಿಟ್ಟು ತೋಟದ ಲೆಕ್ಕ ಹಾಕುತ್ತಿದ್ದೆ. ಗಾಡಿ ಬಂದಾಗ ತಪ್ಪನ್ನು ಅದರ ತಲೆಗೆ ಕಟ್ಟುತ್ತಿದ್ದೆ.

ನಿಮ್ಮ ಪುಸ್ತಕದಲ್ಲಿ ಹೆಚ್ಚಿನ ರಾತ್ರಿ ಸದ್ದೇ ಮೊದಲು ಎಂದಾದರೆ ಕೋಣೆಯ ಕೆಲಸಕ್ಕೆ ಜಾಸ್ತಿ ಗಮನ ಕೊಡಿ. ಎಚ್ಚರವೇ ಮೊದಲು ಎಂದಾದರೆ ಚಿಂತೆಯ ಭಾಗಕ್ಕೆ.

ಒಂದು ಭಾನುವಾರ: ಕೋಣೆಯ ಕೆಲಸ

ಸದ್ದಿನ ಜೋರಿಗಿಂತ ಅದರ ಏರಿಳಿತ ನಿದ್ದೆಯನ್ನು ಹೆಚ್ಚು ಕೆಡಿಸುತ್ತದೆ. ಒಂದೇ ಸಮನೆ ಸುರಿಯುವ ಮಳೆಗೆ ನಿದ್ದೆ ಬರುತ್ತದೆ, ನಿಶ್ಶಬ್ದದ ನಡುವೆ ಒಂದು ನಾಯಿ ಬೊಗಳಿದರೆ ಹೋಗುತ್ತದೆ. ಮಲಗುವ ಕೋಣೆಯೊಳಗೆ ಸದ್ದು 30 ಡೆಸಿಬೆಲ್ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಪಿಸುಮಾತಿನಷ್ಟು. ಹಳಿಯ ಪಕ್ಕದ ಮನೆಯಲ್ಲಿ ಅಷ್ಟು ಸಾಧ್ಯವಿಲ್ಲ. ಆದರೆ ತಗ್ಗಿಸುವ ದಾರಿಗಳು ಇವೆ.

ಮೊದಲು ಹಾಸಿಗೆಯ ಜಾಗ ಬದಲಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಜನ ಇದನ್ನು ಕೊನೆಗೆ ಮಾಡುತ್ತಾರೆ. ನಾವು ಮಾರ್ಗದ ಬದಿಯ ಕೋಣೆ ಬಿಟ್ಟು ಹಿಂದಿನ ಪತ್ತಾಯದ (ಭತ್ತ ತುಂಬಿಡುವ ಪೆಟ್ಟಿಗೆಯ) ಕೋಣೆಗೆ ಬಂದೆವು. ಅಷ್ಟಕ್ಕೇ ಎಷ್ಟೋ ಸಮಾಧಾನವಾಯಿತು. ಬೇರೆ ಕೋಣೆ ಇಲ್ಲದಿದ್ದರೆ ತಲೆಯ ಭಾಗವನ್ನು ಕಿಟಕಿಯಿಂದ ದೂರ ತಿರುಗಿಸಿ. ಬಟ್ಟೆ ತುಂಬಿದ ಕಪಾಟನ್ನು ಸದ್ದು ಬರುವ ಗೋಡೆಗೆ ಒರಗಿಸಿ ಇಡಿ.

ಎರಡನೆಯದು ಸಂದು. ಗಾಳಿ ಹೊಗುವಲ್ಲೆಲ್ಲ ಸದ್ದೂ ಹೊಗುತ್ತದೆ. ಕಿಟಕಿ ಸ್ವಲ್ಪ ತೆರೆದಿದ್ದರೆ ಹೊರಗಿನ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ, ಸರಿಯಾಗಿ ಮುಚ್ಚಿದರೆ 25ರ ಹತ್ತಿರ. ಬಾಗಿಲಿನ ಅಡಿಗೆ ಹಳೆಯ ಸೀರೆ ಸುತ್ತಿ ಇಡಿ. ಗಾಡಿ ಹೋಗುವಾಗ ಗಡಗಡ ಎನ್ನುವ ಕಿಟಕಿಯ ಬಾಗಿಲಿಗೆ ಮಡಚಿದ ರಟ್ಟು ಸಿಕ್ಕಿಸಿ. ಹಂಚಿನ ಮನೆಗಳಲ್ಲಿ ಗೋಡೆಗೂ ಮಾಡಿಗೂ ನಡುವೆ ಸಂದು ಇರುತ್ತದೆ, ಅಲ್ಲಿಗೆ ಹಲಗೆ ಹೊಡೆಸಬಹುದು. ಬರೀ ಪರದೆ ಹಾಕಿದರೆ ಹೊರಗಿನ ಸದ್ದು ಹೆಚ್ಚೇನೂ ತಗ್ಗುವುದಿಲ್ಲ. ಮೀನ, ಮೇಷ ತಿಂಗಳಿನ ಸೆಕೆಯಲ್ಲಿ ಮುಚ್ಚಿದ ಕಿಟಕಿಯೇ ನಿದ್ದೆ ಕೆಡಿಸೀತು. ಆಗ ಸದ್ದಿನ ಬದಿಯದ್ದನ್ನು ಮಾತ್ರ ಮುಚ್ಚಿ, ತೋಟದ ಬದಿಯದ್ದನ್ನು ತೆರೆಯಿರಿ.

ಆಮೇಲೆ ಮನೆಯದ್ದೇ ಸದ್ದುಗಳು. ತಗಡು ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಮಡಲು ಅಥವಾ ಗೋಣಿ ಹಾಸಿ ಕಟ್ಟಿದರೆ ಬಹಳ ಇಳಿಯುತ್ತದೆ. ಮಾಡಿನ ನೀರು ಹರಿಯುವ ದಂಬೆಯಿಂದ ರಾತ್ರಿಯಿಡೀ ಟಪ್ ಟಪ್ ಎಂದು ಹನಿಯುತ್ತಿದ್ದರೆ ಅದರ ತುದಿಗೆ ಒಂದು ಹಗ್ಗ ಕಟ್ಟಿ ನೆಲದ ತನಕ ಇಳಿಬಿಡಿ. ನೀರು ಹಗ್ಗ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ. ಕಿಯ್ ಕಿಯ್ ಎನ್ನುವ ಫ್ಯಾನನ್ನು ರಿಪೇರಿ ಮಾಡಿಸಿ. ಸರಿಯಾದ ಫ್ಯಾನಿನ ಒಂದೇ ಸಮನೆಯ ಭರ್ ಸದ್ದು ಮಾತ್ರ ಒಳ್ಳೆಯದೇ. ಹೊರಗಿನ ಸಣ್ಣಪುಟ್ಟ ಸದ್ದು ಅದರಲ್ಲಿ ಮುಳುಗುತ್ತದೆ.

ಕಿವಿಗೆ ಹತ್ತಿ ತುರುಕುವುದರಿಂದ ಪ್ರಯೋಜನ ತೀರಾ ಕಡಿಮೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮಿನ ಇಯರ್‌ಪ್ಲಗ್ ತನ್ನಿ. ಹಾಕುವ ಕ್ರಮ ತಿಳಿಯದೆ ಬಹಳ ಜನ ಅದನ್ನು ಬಿಸಾಡುತ್ತಾರೆ. ಕೈ ತೊಳೆದು, ಪ್ಲಗ್ಗನ್ನು ಬೆರಳಿನಲ್ಲಿ ಸಣ್ಣ ಬತ್ತಿಯ ಹಾಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ ಎಳೆಯಿರಿ. ಪ್ಲಗ್ಗನ್ನು ಮೆಲ್ಲನೆ ಒಳಗೆ ಸರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ. ಕಿವಿ ಸೋರುತ್ತಿದ್ದರೆ, ನೋವಿದ್ದರೆ ಬೇಡ. ಮನೆಯಲ್ಲಿ ಹಾಸಿಗೆ ಹಿಡಿದವರೋ ಸಣ್ಣ ಮಗುವೋ ಇದ್ದು ನೋಡಿಕೊಳ್ಳುವವರು ನೀವೊಬ್ಬರೇ ಆಗಿದ್ದರೂ ಬೇಡ.

ಸಂಜೆ ಆರೂವರೆ: ಚಿಂತೆಗೆ ಒಂದು ಮಣೆ

ಈ ಲೇಖನದಲ್ಲಿ ನನಗೆ ಅತಿ ಮುಖ್ಯ ಅನಿಸುವ ಭಾಗ ಇದು.

"ಚಿಂತೆ ಮಾಡಬೇಡ" ಎಂದು ಹೇಳುವವರು ತುಂಬ ಜನ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮಗನ ಕೆಲಸ ಹೋಗಿದೆ, ಮರಗಳ ಸೋಗೆ ಒಣಗುತ್ತಿದೆ ಎಂದಾಗ ಚಿಂತೆ ಬಾರದೆ ಇರುತ್ತದಾ? ಹಗಲಿಡೀ ಕೆಲಸದಲ್ಲಿ ಅದನ್ನು ದೂಡುತ್ತೇವೆ. ಮನೆ ಮೌನವಾದಾಗ, ಲೈಟು ಆರಿದಾಗ ಅದಕ್ಕೆ ಮೊದಲ ಸಲ ಪುರುಸೊತ್ತು ಸಿಗುತ್ತದೆ. ಹಾಗಾಗಿ ಅದಕ್ಕೆ ಮೊದಲೇ ಒಂದು ಹೊತ್ತು ಕೊಡಬೇಕು. ಮನೆಗೆ ಬಂದ ನೆಂಟರನ್ನು ಮಣೆ ಹಾಕಿ ಕೂರಿಸಿ ಮಾತಾಡಿಸುವ ಹಾಗೆ.

ದೀಪ ಹಚ್ಚಿ ಆದ ಮೇಲೆ, ಊಟಕ್ಕೆ ಮೊದಲು, 20 ನಿಮಿಷ. ದಿನವೂ ಅದೇ ಹೊತ್ತು, ಅದೇ ಜಾಗ. ಜಗಲಿಯ ಕುರ್ಚಿ ಆಗಬಹುದು. ಹಾಸಿಗೆ ಮಾತ್ರ ಖಂಡಿತ ಬೇಡ. ಪುಸ್ತಕದ ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ಚಿಂತೆ, ಬಲಕ್ಕೆ ಅದಕ್ಕೆ ಮುಂದಿನ ಒಂದು ಹೆಜ್ಜೆ. ಹೆಜ್ಜೆ ಎಂದರೆ ದಿನ, ಹೊತ್ತು, ಮಾಡುವವರು ಯಾರು ಎಂಬುದೆಲ್ಲ ಇರಬೇಕು. ನನ್ನ ಪುಟದ ಸಾಲುಗಳು ಹೀಗಿದ್ದವು.

ಎಡಕ್ಕೆ: "ಎಲೆಚುಕ್ಕಿ ಮೇಲಿನ ತೋಟಕ್ಕೂ ಹಬ್ಬುತ್ತದೋ ಏನೋ." ಬಲಕ್ಕೆ: "ಬುಧವಾರ ಹತ್ತು ಗಂಟೆಗೆ ಕೃಷಿ ಭವನಕ್ಕೆ ಹೋಗಿ ಕೇಳುವುದು. ಬಿದ್ದ ಸೋಗೆಯ ತುಂಡು ಒಂದು ತೆಗೆದುಕೊಂಡು ಹೋಗುವುದು."

ಎಡಕ್ಕೆ: "ಇವರಿಗೆ ರಾತ್ರಿ ಎದೆನೋವು ಬಂದರೆ?" ಬಲಕ್ಕೆ: "ಭಾವನ ನಂಬರು, ಆಂಬುಲೆನ್ಸಿನ 108 ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸುವುದು. ಆಸ್ಪತ್ರೆಯ ಫೈಲು, ಮಾತ್ರೆ ಒಂದೇ ಚೀಲದಲ್ಲಿ. ನಾಳೆ ಮಧ್ಯಾಹ್ನದೊಳಗೆ."

ಎಡಕ್ಕೆ: "ಮಗನಿಗೆ ಬೇರೆ ಕೆಲಸ ಸಿಗದಿದ್ದರೆ?" ಇದಕ್ಕೆ ಬಲಕ್ಕೆ ಬರೆಯಲು ಏನೂ ಇರಲಿಲ್ಲ. ಅಂಥದ್ದಕ್ಕೆ ಹೀಗೆ ಬರೆದೆ: "ಇವತ್ತು ನನ್ನ ಕೈಯಲ್ಲಿ ಇಲ್ಲ. ಶುಕ್ರವಾರ ಸಂಜೆ ಮತ್ತೆ ನೋಡುವುದು." ಆ ದಿನ ಬಂದಾಗ ನಿಜವಾಗಿ ನೋಡಬೇಕು. ಕೊಟ್ಟ ಮಾತು ಉಳಿಸಿಕೊಂಡರೆ ಮಾತ್ರ ಮನಸ್ಸು ಮುಂದಿನ ಸಲ ನಿಮ್ಮನ್ನು ನಂಬುತ್ತದೆ.

ಬರೆಯುವುದು ಸುಮ್ನೆ ಸಮಾಧಾನಕ್ಕಲ್ಲ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಮಲಗುವ ಮೊದಲು ಐದು ನಿಮಿಷ ಕೂತು, ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ವಿವರವಾಗಿ ಬರೆದಷ್ಟೂ ಒಳ್ಳೆಯದಾಯಿತು. 57 ಜನರ ಸಣ್ಣ ಅಧ್ಯಯನ ಅದು. ಆದರೂ ನನ್ನ ಅನುಭವಕ್ಕೆ ಸರಿಯಾಗಿ ಹೊಂದುತ್ತದೆ.

ಮೊದಲ ನಾಲ್ಕೈದು ದಿನ ಈ 20 ನಿಮಿಷ ಕಷ್ಟವೇ. ಅಳು ಬರಬಹುದು. ಬರಲಿ. ಹೊತ್ತು ಮುಗಿದಾಗ ಪುಸ್ತಕ ಮುಚ್ಚಿ, ಎದ್ದು ಮುಖ ತೊಳೆದು, ಕೈಗೆ ಏನಾದರೂ ಕೆಲಸ ತೆಗೆದುಕೊಳ್ಳಿ. ರಾತ್ರಿ ಅದೇ ಚಿಂತೆ ಮತ್ತೆ ಬಂದರೆ "ಪುಸ್ತಕದಲ್ಲಿ ಇದೆ, ನಾಳೆ ಆರೂವರೆಗೆ" ಎಂದು ಮನಸ್ಸಿನಲ್ಲೇ ಹೇಳಿ.

ಮಲಗುವ ಮೊದಲು: ಕಾವಲು ಒಪ್ಪಿಸುವುದು

ಒಂದು ಸುತ್ತು ಹೋಗಿ. ಗ್ಯಾಸಿನ ನಾಬು, ಹಿಂದಿನ ಬಾಗಿಲಿನ ಅಗುಳಿ, ಗೇಟು, ಹಟ್ಟಿ. ಒಂದೇ ಸುತ್ತು, ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ ನೋಡಿ, "ಆಯಿತು" ಎಂದು ಬಾಯಿಬಿಟ್ಟು ಹೇಳಿ. ಎರಡನೆಯ ಸಲ ಹೋಗಬೇಡಿ. ಮತ್ತೆ ಮತ್ತೆ ನೋಡಿದಷ್ಟೂ ಸಂಶಯ ಬೆಳೆಯುತ್ತದೆ.

ಆಮೇಲೆ, ಇವತ್ತು ರಾತ್ರಿ ಯಾವ ಸದ್ದಿಗೆ ಏಳಬೇಕು, ಯಾರು ಏಳಬೇಕು ಎಂದು ಮನೆಯವರು ಮಾತಾಡಿಕೊಳ್ಳಿ. ನಮ್ಮಲ್ಲಿ ನಾಯಿ ಜೋರಾಗಿ ಬೊಗಳಿದರೆ ಎಂದರೆ ತೋಟಕ್ಕೆ ಕಾಡುಹಂದಿ ಬಂದಿರಬಹುದು ಎಂದು ಲೆಕ್ಕ. ಅದಕ್ಕೆ ಯಾರೂ ರಾತ್ರಿ ಏಳುವುದು ಬೇಡ, ಬೆಳಿಗ್ಗೆ ಬೇಲಿ ನೋಡಿದರೆ ಸಾಕು ಎಂದು ತೀರ್ಮಾನ ಮಾಡಿದೆವು. ಕತ್ತಲಲ್ಲಿ ಹಂದಿಯ ಎದುರಿಗೆ ಹೋಗುವುದು ಅಪಾಯ ಬೇರೆ. ನಮ್ಮವರಿಗೆ ಏನಾದರೂ ಆದರೆ ಎಂಬ ಹೆದರಿಕೆಗೆ ಒಂದು ಕರೆಗಂಟೆ ತಂದು ಅವರ ಕೈಗೆ ಸಿಗುವ ಹಾಗೆ ಇಟ್ಟೆವು. ಅಲ್ಲಿಯ ತನಕ ನಾನು ಅವರ ಉಸಿರನ್ನೇ ಕೇಳುತ್ತಾ ಮಲಗುತ್ತಿದ್ದೆ. ಈಗ ನಾನು ಕೇಳಬೇಕಾದದ್ದು ಗಂಟೆಯ ಸದ್ದು ಒಂದನ್ನೇ. ಆ ಗಂಟೆಯ ಬೆಲೆ ನೂರು ಚಿಲ್ಲರೆ ರೂಪಾಯಿ. ಆದರೆ ನನಗೆ ಅತಿ ಹೆಚ್ಚು ಸಹಾಯ ಮಾಡಿದ ವಸ್ತು ಅದೇ.

ಫೋನಿಗೂ ಇದೇ ಕ್ರಮ. ನಮ್ಮೂರಲ್ಲಿ ಹೆಚ್ಚಿನ ಮನೆಗಳಿಂದ ಯಾರಾದರೂ ಗಲ್ಫಿನಲ್ಲಿ ಇದ್ದಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಸೌದಿಯಲ್ಲಿ ಮಕ್ಕಳು ರಾತ್ರಿ ಹತ್ತಕ್ಕೆ ಊಟ ಮುಗಿಸಿ ಫೋನು ಹಿಡಿದರೆ ಇಲ್ಲಿ ಹನ್ನೆರಡೂವರೆ. ಮಾತಾಡುವ ಹೊತ್ತನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. "ಮಗಾ, ನಮ್ಮ ಒಂಬತ್ತು ಗಂಟೆಗೆ ಮಾಡು, ತುರ್ತು ಇದ್ದರೆ ಯಾವಾಗ ಬೇಕಾದರೂ ಮಾಡು" ಎಂದೆ. ಆಮೇಲೆ ಫೋನಿನಲ್ಲಿ ಅವನ ಮತ್ತು ಇನ್ನಿಬ್ಬರ ಕರೆ ಮಾತ್ರ ರಿಂಗಾಗುವ ಹಾಗೆ, ಉಳಿದದ್ದೆಲ್ಲ ಮೌನವಾಗಿರುವ ಹಾಗೆ ಸೆಟ್ಟಿಂಗ್ ಮಾಡಿಸಿದೆ. ವಾಟ್ಸ್ಆಪ್ ಗುಂಪಿನ ಟಿಂಗ್ ಸದ್ದುಗಳು ಅಲ್ಲಿಗೆ ನಿಂತವು. ಇದನ್ನು ಮಾಡಲು ಗೊತ್ತಿಲ್ಲದಿದ್ದರೆ ಮನೆಯ ಮಕ್ಕಳನ್ನು ಕೇಳಿ, ಐದು ನಿಮಿಷದ ಕೆಲಸ.

ನಡುರಾತ್ರಿ ಎಚ್ಚರವಾದರೆ

ಗಡಿಯಾರ ನೋಡಬೇಡಿ. ಅದರ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟುಬಿಡಿ. "ಇನ್ನು ಮೂರೇ ಗಂಟೆ ಉಳಿದದ್ದು" ಎಂಬ ಲೆಕ್ಕ ಶುರುವಾದರೆ ಬಂದ ನಿದ್ದೆಯೂ ಓಡುತ್ತದೆ.

ಸದ್ದು ಕೇಳಿದರೆ ಅದಕ್ಕೆ ಹೆಸರು ಹೇಳಿ. "ಮಂಗಳೂರಿನ ಕಡೆಯ ಗಾಡಿ. ಬಂತು. ಹೋಗುತ್ತಾ ಇದೆ. ಹೋಯಿತು." ಸದ್ದಿನ ಜೊತೆ ಜಗಳಕ್ಕೆ ಇಳಿಯಬೇಡಿ, ಅದು ಕರಗುವ ತನಕ ಕೇಳಿ ಬಿಟ್ಟುಬಿಡಿ. ಮೊದಲ ಸಲ ಕೇಳುವಾಗ ಇದು ಪೊಳ್ಳು ಮಾತು ಅನಿಸೀತು. ಎರಡು ವಾರ ಮಾಡಿ ನೋಡಿ. ಹೆಸರು ಗೊತ್ತಾದ ಸದ್ದಿಗೆ ಕಾವಲು ಬೇಕಾಗುವುದಿಲ್ಲ.

ಮನಸ್ಸು ಓಡುತ್ತಲೇ ಇದ್ದರೆ ಅದಕ್ಕೆ ಪೋಣಿಸಲಾಗದ ಚಿತ್ರಗಳನ್ನು ಕೊಡಿ. ಒಂದು ಶಬ್ದ ಆರಿಸಿ, "ಕಮಲ" ಎಂದುಕೊಳ್ಳಿ. ಕ: ಕಪಾಟು, ಕಡಲು, ಕತ್ತಿ, ಕರು. ಒಂದೊಂದನ್ನೂ ಕಣ್ಣೆದುರಿಗೆ ತಂದುಕೊಳ್ಳಿ, ನಿಧಾನಕ್ಕೆ. ಕ ಮುಗಿದ ಮೇಲೆ ಮ: ಮಣೆ, ಮಡಲು, ಮರಿಗೆ, ಮಲ್ಲಿಗೆ. ನನಗೆ ಲ ಬರುವಷ್ಟರಲ್ಲಿ ಸಾಮಾನ್ಯವಾಗಿ ನಿದ್ದೆ ಹತ್ತಿರುತ್ತದೆ. ಚಿಂತೆಗೆ ಒಂದಕ್ಕೊಂದು ಕೊಂಡಿ ಬೇಕು, ಈ ಚಿತ್ರಗಳಿಗೆ ಕೊಂಡಿಯೇ ಇಲ್ಲ. ಜಪದ ಅಭ್ಯಾಸ ಇದ್ದವರಿಗೆ ಅದೇ ಸಾಕು. ತುಟಿಯಲ್ಲಿ ಒಂದೇ ನಾಮ ತಿರುಗುತ್ತಿದ್ದರೆ ಒಳಗಿನ ಮಾತಿಗೆ ಜಾಗ ಉಳಿಯುವುದಿಲ್ಲ.

ಮೈ ಬಿಗಿದಿದ್ದರೆ ಕಾಲಿನ ಬೆರಳಿನಿಂದ ಶುರುಮಾಡಿ. ಐದು ಸೆಕೆಂಡು ಬಿಗಿಹಿಡಿದು, ಉಸಿರು ಬಿಡುತ್ತಾ ಸಡಿಲ ಬಿಡಿ. ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ದವಡೆ, ಹಣೆ. ದವಡೆಯನ್ನು ಮರೆಯಬೇಡಿ, ಬಹಳ ಜನ ಚಿಂತೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರುತ್ತಾರೆ.

ಇಷ್ಟಾದರೂ ನಿದ್ದೆ ಇಲ್ಲ, ಸುಮಾರು 20 ನಿಮಿಷ ಆಗಿರಬೇಕು ಅನಿಸಿದರೆ ಎದ್ದುಬಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟ ಕ್ರಮ ಇದು. ಇವತ್ತಿಗೂ ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಮುಖ್ಯ ಭಾಗ. ಹಾಸಿಗೆಯಲ್ಲಿ ಎಚ್ಚರವಿದ್ದು ಹೊರಳಾಡಿದಷ್ಟೂ, ಹಾಸಿಗೆ ಎಂದರೆ ಹೊರಳಾಡುವ ಜಾಗ ಎಂದು ಮೈ ಕಲಿಯುತ್ತದೆ. ಸೋಫಾದ ಮೇಲೆ ಟಿವಿ ನೋಡುತ್ತಾ ತೂಕಡಿಸಿ, ಹಾಸಿಗೆಗೆ ಹೋದೊಡನೆ ಕಣ್ಣು ಅಗಲವಾಗುವುದು ಇದೇ ಕಾರಣಕ್ಕೆ.

ಎದ್ದು ಚಾವಡಿಯಲ್ಲಿ ಸಣ್ಣ ಲೈಟಿನಲ್ಲಿ ಕೂತುಕೊಳ್ಳಿ. ಫೋನು, ಟಿವಿ ಬೇಡ. ಕೈಗೆ ಕೆಲಸ ಇರಲಿ, ಮನಸ್ಸಿಗೆ ಬೇಡ. ನಾನು ಹತ್ತಿಯ ಬತ್ತಿ ಹೊಸೆಯುತ್ತಿದ್ದೆ. ಆ ಮಳೆಗಾಲ ಹೊಸೆದ ಬತ್ತಿ ನವರಾತ್ರಿಯ ತನಕ ಸಾಕಾಯಿತು. ಉದ್ದು ಹೆಕ್ಕಬಹುದು, ಹಳೆಯ ಬಟ್ಟೆ ಮಡಚಬಹುದು. ರೆಪ್ಪೆ ಭಾರವಾದಾಗ ಮತ್ತೆ ಹಾಸಿಗೆಗೆ. ಮತ್ತೆ ನಿದ್ದೆ ಬಾರದಿದ್ದರೆ ಮತ್ತೆ ಎದ್ದು ಬನ್ನಿ. ಮೊದಲ ವಾರ ಮೂರು ನಾಲ್ಕು ಸಲ ಏಳಬೇಕಾಗಬಹುದು, ಅದರಲ್ಲಿ ಸೋಲೇನಿಲ್ಲ. ಬೆಳಿಗ್ಗೆ ಮಾತ್ರ, ರಾತ್ರಿ ಹೇಗೇ ಹೋಗಿರಲಿ, ದಿನವೂ ಒಂದೇ ಹೊತ್ತಿಗೆ ಏಳಬೇಕು. ಭಾನುವಾರವೂ.

ಹಾಸಿಗೆಯ ಹೊತ್ತು ಕಡಿಮೆ ಮಾಡುವುದು

ನಿದ್ದೆ ಕೆಟ್ಟವರು ಒಂಬತ್ತಕ್ಕೇ ಮಲಗಲು ಹೋಗುತ್ತಾರೆ, ಸಿಕ್ಕಷ್ಟು ಸಿಗಲಿ ಎಂದು. ಇದು ತಿರುಗುಬಾಣ. ನಿಮ್ಮ ಪುಸ್ತಕದ ಒಂದು ವಾರದ ಸರಾಸರಿ ನಿದ್ದೆ ಐದೂವರೆ ಗಂಟೆ ಎಂದಿಟ್ಟುಕೊಳ್ಳಿ, ಹಾಸಿಗೆಯಲ್ಲಿ ಇದ್ದದ್ದು ಒಂಬತ್ತು ಗಂಟೆ. ಹಾಗಾದರೆ ಹಾಸಿಗೆಯ ಹೊತ್ತನ್ನು ಆರು ಗಂಟೆಗೆ ಇಳಿಸಿ. ರಾತ್ರಿ ಹನ್ನೊಂದೂವರೆಗೆ ಮಲಗಿ, ಐದೂವರೆಗೆ ಏಳಿ. ನಿದ್ದೆಯ ಹಸಿವು ಹೆಚ್ಚಿದಾಗ ಅದು ಗಟ್ಟಿಯಾಗುತ್ತದೆ, ಸಣ್ಣ ಸದ್ದಿಗೆ ಒಡೆಯುವುದಿಲ್ಲ. ಮಲಗಿದ ಹೊತ್ತಿನ ನೂರರಲ್ಲಿ 85 ಭಾಗ ನಿದ್ದೆಯಲ್ಲೇ ಹೋಗತೊಡಗಿದ ಮೇಲೆ ವಾರಕ್ಕೆ 15 ನಿಮಿಷದಂತೆ ಹೆಚ್ಚಿಸುತ್ತಾ ಬನ್ನಿ. ಹಾಸಿಗೆಯ ಹೊತ್ತನ್ನು ಐದು ಗಂಟೆಗಿಂತ ಕೆಳಗೆ ಎಂದೂ ಇಳಿಸಬೇಡಿ.

ಮೊದಲ ಎರಡು ವಾರ ಹಗಲು ತೂಕಡಿಕೆ ಜಾಸ್ತಿ. ಆದ್ದರಿಂದ ವಾಹನ ಓಡಿಸುವವರು, ಅಡಿಕೆ ಮರ ಹತ್ತಿ ಕೊಯ್ಯುವವರು, ಮರಕ್ಕೆ ಮದ್ದು ಸಿಂಪಡಿಸುವವರು ಇದನ್ನು ಒಬ್ಬರೇ ಮಾಡಬಾರದು. ಅಪಸ್ಮಾರ ಅಥವಾ ಬೈಪೋಲಾರ್ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಚಾ, ಎಲೆಅಡಿಕೆ, ಮಧ್ಯಾಹ್ನದ ನಿದ್ದೆ

ಚಾ ಮತ್ತು ಕಾಫಿಯಲ್ಲಿರುವ ಕೆಫೀನು ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿ ಇರುತ್ತದೆ. ಮಧ್ಯಾಹ್ನ ಎರಡರ ನಂತರ ಬಿಡಿ, ಬೇಕಿದ್ದರೆ ಜೀರಿಗೆ ಕಷಾಯ ಕುಡಿಯಿರಿ. ರಾತ್ರಿ ಊಟದ ಮೇಲಿನ ಎಲೆಅಡಿಕೆಯ ಬಗ್ಗೆ ಹೇಳಲು ನನಗೂ ಸಂಕಟ, ಅದೇ ನಮ್ಮ ಅನ್ನ. ಆದರೆ ಅಡಿಕೆ ಎಚ್ಚರ ತರುವ ವಸ್ತು, ಹೊಗೆಸೊಪ್ಪು ಇನ್ನೂ ಹೆಚ್ಚು. ಮದ್ಯ ಕುಡಿದರೆ ನಿದ್ದೆ ಬೇಗ ಬರುತ್ತದೆ, ರಾತ್ರಿಯ ಎರಡನೆಯ ಅರ್ಧದಲ್ಲಿ ಒಡೆದು ಚೂರಾಗುತ್ತದೆ. ಮಧ್ಯಾಹ್ನ ಮಲಗುವುದಾದರೆ ಮೂರರೊಳಗೆ, ಅರ್ಧ ಗಂಟೆಗಿಂತ ಕಡಿಮೆ.

ಊರಿನ ಸದ್ದು

ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯ ತನಕ ನಮ್ಮಲ್ಲಿ ಕೋಲ, ತೆಯ್ಯಂ, ಯಕ್ಷಗಾನದ ಆಟ, ಉರೂಸು, ಉತ್ಸವ ಸಾಲಾಗಿ ಬರುತ್ತವೆ. ಚೆಂಡೆಯ ಸದ್ದು ಕೇಳಿಯೇ ಬೆಳೆದವಳು ನಾನು, ಅದು ನಿಲ್ಲಬೇಕೆಂದು ಎಂದೂ ಬಯಸಿಲ್ಲ. ಕಾರ್ಯಕ್ರಮದ ದಿನ ಮೊದಲೇ ಗೊತ್ತಿರುತ್ತದೆ. ಆ ರಾತ್ರಿ ತಡವಾಗಿ ಮಲಗುವುದು ಎಂದು ನಿರ್ಧರಿಸಿ, ಸಾಧ್ಯವಾದರೆ ಹೋಗಿ ನೋಡಿ ಬನ್ನಿ. ಒಪ್ಪಿಕೊಂಡ ಸದ್ದು ಅಷ್ಟು ನೋಯಿಸುವುದಿಲ್ಲ. ಯಕ್ಷಗಾನವೂ ಈಗ ಎಷ್ಟೋ ಕಡೆ ಕಾಲಮಿತಿಯದ್ದು, ನಡುರಾತ್ರಿಯೊಳಗೆ ಮಂಗಳವಾಗುತ್ತದೆ.

ದಿನವೂ ಕಾಡುವ ಧ್ವನಿವರ್ಧಕ, ಯಂತ್ರ, ನಾಯಿಯ ವಿಷಯ ಬೇರೆ. ಮೊದಲು ಹಗಲಿನಲ್ಲಿ, ಸಿಟ್ಟು ಇಳಿದ ಹೊತ್ತಿನಲ್ಲಿ ಹೋಗಿ ಮಾತಾಡಿ. ನಿಮ್ಮ ಕಷ್ಟ ಹೇಳಿ, ಅವರ ತಪ್ಪು ಹೇಳಬೇಡಿ. ಬೇಕಾದದ್ದನ್ನು ಸ್ಪಷ್ಟವಾಗಿ ಕೇಳಿ. "ಅಕ್ಕಾ, ನಮ್ಮವರಿಗೆ ಹಾರ್ಟಿನ ಮದ್ದು ನಡೆಯುತ್ತಾ ಇದೆ. ರಾತ್ರಿ ನಾಯಿಯನ್ನು ಹಿಂದಿನ ಬದಿಯಲ್ಲಿ ಕಟ್ಟಲಿಕ್ಕೆ ಆಗುತ್ತದಾ?" ಎಂದು ಕೇಳಿದೆ. "ಅಯ್ಯೋ, ಮೊದಲೇ ಹೇಳಬಾರದಿತ್ತಾ" ಎಂದರು. ಅಷ್ಟೇ ಆಗಿತ್ತು. ಆರು ತಿಂಗಳು ನಾನು ಒಳಗೊಳಗೇ ಕುದಿದದ್ದು ವ್ಯರ್ಥ.

ಮಾತಿಗೆ ಬಗ್ಗದಿದ್ದರೆ ಕಾನೂನು ಇದೆ. ದೇಶಕ್ಕೆಲ್ಲ ಅನ್ವಯಿಸುವ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ತಕ್ಷಣ ಬೇಕಾದರೆ 112ಕ್ಕೆ ಕರೆ ಮಾಡಿ. ಮತ್ತೆ ಮತ್ತೆ ಆಗುವುದಾದರೆ ದಿನಾಂಕ, ಹೊತ್ತು ಬರೆದು ಠಾಣೆಗೂ ಪಂಚಾಯತಿಗೂ ಅರ್ಜಿ ಕೊಡಿ. ನಿಮ್ಮ ನೋಟು ಪುಸ್ತಕ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಮಲಯಾಳ ಬಾರದು ಎಂದು ಹಿಂಜರಿಯಬೇಡಿ. ಕಾಸರಗೋಡಿನ ಕನ್ನಡಿಗರಿಗೆ ಸರಕಾರಕ್ಕೆ ಕನ್ನಡದಲ್ಲೇ ಬರೆಯುವ ಹಕ್ಕು ಇದೆ.

ಮಾತ್ರೆ ಮತ್ತು ವೈದ್ಯರು

ನಾನು ಮೊದಲು ಹೋದ ಕಡೆ ಮೂರು ನಿಮಿಷದಲ್ಲಿ ನಿದ್ದೆ ಮಾತ್ರೆ ಬರೆದುಕೊಟ್ಟರು. ಯಾಕೆ ನಿದ್ದೆ ಇಲ್ಲ ಎಂದು ಕೇಳಲಿಲ್ಲ. ಎರಡು ವಾರ ಚೆನ್ನಾಗಿ ಮಲಗಿದೆ. ಎರಡು ತಿಂಗಳಿಗೆ ಅದೇ ಮಾತ್ರೆ ಸಾಲದಾಯಿತು, ಬಿಟ್ಟರೆ ಕೈ ನಡುಗತೊಡಗಿತು. ಆಲ್ಪ್ರಜೋಲಾಮ್‌ನಂಥ ಮಾತ್ರೆಗಳು ಕೆಲವು ದಿನದ ಮಟ್ಟಿಗೆ ಬೇಕಾಗಬಹುದು, ಆದರೆ ಬಲು ಬೇಗ ಅಭ್ಯಾಸವಾಗುತ್ತವೆ. ಯಾರದೋ ಚೀಟಿಯಲ್ಲಿ, ಅಂಗಡಿಯವರ ಮಾತಿನಲ್ಲಿ ತೆಗೆದುಕೊಳ್ಳಬೇಡಿ. ಈಗಾಗಲೇ ತಿಂಗಳುಗಟ್ಟಲೆ ತಿನ್ನುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯ ಇದೆ. ವೈದ್ಯರು ಹಂತ ಹಂತವಾಗಿ ಇಳಿಸಿ ಬಿಡಿಸುತ್ತಾರೆ. ನನಗೆ ಬಿಡಿಸಿದ ಮಂಗಳೂರಿನ ವೈದ್ಯರೇ ಮೇಲಿನ ಕ್ರಮಗಳನ್ನೂ ಕಲಿಸಿದ್ದು.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ತೋರಿಸಲೇಬೇಕು. ಜೋರು ಗೊರಕೆಯ ನಡುವೆ ಉಸಿರು ನಿಂತ ಹಾಗಾಗುವುದು, ಮಲಗಿದಾಗ ಕಾಲು ಆಡಿಸದೆ ಇರಲಾಗದಂಥ ಸೆಳೆತ, ಮುಟ್ಟು ನಿಲ್ಲುವ ವಯಸ್ಸಿನ ಬಿಸಿ ಬೆವರು, ಎದೆಬಡಿತ ಇದ್ದರೆ ಅಷ್ಟು ದಿನವೂ ಕಾಯಬೇಡಿ. ಕಾರಣ ಉಸಿರಾಟದಲ್ಲಿ, ಕಬ್ಬಿಣಾಂಶದ ಕೊರತೆಯಲ್ಲಿ, ಥೈರಾಯ್ಡಿನಲ್ಲಿ ಇರಬಹುದು. ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಿಂದ ಶುರುಮಾಡಬಹುದು. ಯಾವುದರಲ್ಲೂ ಆಸೆ ಇಲ್ಲ, ಬದುಕೇ ಬೇಡ ಅನಿಸುತ್ತಿದ್ದರೆ ಅದೇ ರಾತ್ರಿ ಪಕ್ಕದವರನ್ನು ಎಬ್ಬಿಸಿ ಹೇಳಿ, 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, 24 ಗಂಟೆಯೂ ಇದೆ, ಭಾಷೆ ಆರಿಸಿಕೊಳ್ಳಬಹುದು.

ವೈದ್ಯರಲ್ಲಿಗೆ ಹೋಗುವಾಗ ಹಿಂದಿನ ಎರಡು ವಾರದ ಪುಟಗಳನ್ನು ತೆಗೆದುಕೊಂಡು ಹೋಗಿ. ಅಲ್ಲಿ ಕೂತಾಗ "ನಿದ್ದೆಯೇ ಇಲ್ಲ ಡಾಕ್ಟ್ರೇ" ಎನ್ನುವುದೊಂದೇ ಬಾಯಿಗೆ ಬರುವುದು. ಆ ಹದಿನಾಲ್ಕು ಸಾಲುಗಳು ಉಳಿದದ್ದನ್ನು ಹೇಳುತ್ತವೆ. ಬಿಪಿ, ಸಕ್ಕರೆ, ಥೈರಾಯ್ಡಿನ ಹಳೆಯ ಚೀಟಿಗಳು, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪು, ಆಯುರ್ವೇದದ ಕಷಾಯ ಇದ್ದರೆ ಅದರ ಬಾಟಲಿ, ಇವೂ ಚೀಲದಲ್ಲಿ ಇರಲಿ. ನಿಮ್ಮ ಗೊರಕೆ ಕೇಳಿದವರು ಮನೆಯಲ್ಲಿ ಯಾರೋ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.